ಸಹಾಯ ಬೇಕು: ಜಿಸನ್ ಕನ್‌ಸ್ಟ್ರಕ್ಟರ್ ಕರೆಯದೆಯೇ ಆಬ್ಜೆಕ್ಟ್ ಮಾಡುತ್ತಿದೆ

ಎಲ್ಲರಿಗೂ ನಮಸ್ಕಾರ. ಜಾವಾ 17ರಲ್ಲಿ ಗೂಗಲ್‌ನ ಜಿಸನ್ (Gson) ಲೈಬ್ರರಿ ಬಳಸಿ ಜೇಸನ್ (JSON) ಡೇಟಾ ಓದುತ್ತಿದ್ದೇವೆ. ನಮ್ಮ ಆರ್ಡರ್ ಕ್ಲಾಸಿನಲ್ಲಿ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇಲ್ಲ. ಹಾಗಾಗಿ ಜಿಸನ್, ಅನ್‌ಸೇಫ್‌ (ಕನ್‌ಸ್ಟ್ರಕ್ಟರ್ ಕರೆಯದೆ ಆಬ್ಜೆಕ್ಟ್ ಮಾಡಬಲ್ಲ, ಜೆಡಿಕೆ ಒಳಗಿನ ಕ್ಲಾಸ್) ಮೂಲಕ ಖಾಲಿ ಆಬ್ಜೆಕ್ಟ್ ಮಾಡಿ, ರಿಫ್ಲೆಕ್ಷನ್‌ನಿಂದ ಫೀಲ್ಡ್ ತುಂಬುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿರುವ ಮೊತ್ತದ ತಪಾಸಣೆ ಓಡುವುದೇ ಇಲ್ಲ. ಫೀಲ್ಡ್ ಇನಿಶಿಯಲೈಸರ್ ಕೂಡ ಅಷ್ಟೇ. ಜೇಸನ್‌ನಲ್ಲಿ ಐಟಂಗಳು ಇಲ್ಲದಿದ್ದರೆ ಖಾಲಿ ಲಿಸ್ಟ್ ಬದಲು ನಲ್ ಸಿಗುತ್ತದೆ. ಸೊನ್ನೆಗಿಂತ ಕಡಿಮೆ ಮೊತ್ತದ ಆರ್ಡರ್ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ಇದು ನನಗೆ ನಿಜಕ್ಕೂ ಭಯದ ವಿಷಯ.

ಡಿಸೇಬಲ್‌ಜೆಡಿಕೆಅನ್‌ಸೇಫ್ (ಅನ್‌ಸೇಫ್ ಬಳಕೆ ನಿಲ್ಲಿಸುವ ಜಿಸನ್ ಸೆಟ್ಟಿಂಗ್) ಹಾಕಿದರೆ ಎಕ್ಸೆಪ್ಶನ್ ಬರುತ್ತದೆ. ಕನಿಷ್ಠ ವಿಷಯ ಗೊತ್ತಾಗುತ್ತದೆ, ಅಲ್ವಾ? ಆದರೆ ಕೆಲಸ ಆಗುವುದಿಲ್ಲ. ಇನ್‌ಸ್ಟನ್ಸ್‌ಕ್ರಿಯೇಟರ್ (ಆರಂಭದ ಆಬ್ಜೆಕ್ಟ್ ನಾವೇ ಮಾಡಿಕೊಡುವ ಕೋಡ್) ಬರೆದರೆ ಲಿಸ್ಟ್ ಸರಿಹೋಗುತ್ತದೆ. ಆದರೆ ಫೀಲ್ಡ್ ತುಂಬುವುದು ಆಮೇಲೆ, ಹಾಗಾಗಿ ತಪಾಸಣೆಗೆ ನಿಜವಾದ ಮೊತ್ತ ಕಾಣುವುದಿಲ್ಲ. ಕ್ಲಾಸನ್ನು ಜಾವಾದ ರೆಕಾರ್ಡ್ (record) ಆಗಿ ಮಾಡಿದರೆ ಜಿಸನ್ 2.10ರಿಂದ ಕನ್‌ಸ್ಟ್ರಕ್ಟರ್ ಮೂಲಕವೇ ಹೋಗುತ್ತದೆ. ಆದರೆ ನಮ್ಮ ಕ್ಲಾಸ್ ಇನ್ನೊಂದು ಕ್ಲಾಸನ್ನು ಎಕ್ಸ್‌ಟೆಂಡ್ ಮಾಡುತ್ತದೆ, ರೆಕಾರ್ಡ್‌ನಲ್ಲಿ ಅದಕ್ಕೆ ಅವಕಾಶವಿಲ್ಲ.

ಇಂಥ ಕ್ಲಾಸುಗಳು ಜಾಸ್ತಿ ಇವೆ. ಪ್ರತಿಯೊಂದಕ್ಕೂ ಅಡಾಪ್ಟರ್ (ಜೇಸನ್ ಓದಿ ಬರೆಯುವ ಕೋಡ್) ಬರೆಯದೆ, ಒಂದೇ ಟೈಪ್‌ಅಡಾಪ್ಟರ್‌ಫ್ಯಾಕ್ಟರಿಯಲ್ಲಿ (ಹಲವು ಕ್ಲಾಸುಗಳಿಗೆ ಅಡಾಪ್ಟರ್ ಕೊಡುವ ಜಿಸನ್ ಸೌಲಭ್ಯ) ಓದಿದ ಮೇಲೆ ತಪಾಸಣೆ ಓಡಿಸಿದವರು ಯಾರಾದರೂ ಇದ್ದೀರಾ? ಆಬ್ಜೆಕ್ಟ್ ಒಳಗಿನ ಆಬ್ಜೆಕ್ಟ್‌ಗೂ ಅದು ಸರಿಯಾಗಿ ನಡೆಯಿತಾ? ಕೋಡ್ ತುಣುಕು ಇದ್ದರೆ ದಯವಿಟ್ಟು ಹಾಕಿ.