ತಂಡದ ಡೇಟಾ ಅನಲಿಸ್ಟರನ್ನು ಅರಿತುಕೊಳ್ಳುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ

ನಾನು ಮಾರಾಟ ವಿಭಾಗದಲ್ಲಿದ್ದೇನೆ. ನಾಲ್ಕು ತಿಂಗಳ ಹಿಂದೆ ನಮ್ಮ ತಂಡಕ್ಕೆ ಒಬ್ಬ ಡೇಟಾ ಅನಲಿಸ್ಟ್ ಸೇರಿಕೊಂಡರು. ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ಇಷ್ಟು ದಿನಗಳಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತೆಂದರೆ ‘ವರದಿ ಯಾವಾಗ ಸಿಗುತ್ತದೆ’, ‘ನಾಳೆ ಕೊಡುತ್ತೇನೆ’ ಎಂಬುದಷ್ಟೇ. ಮೊನ್ನೆ ನಾನು ‘ಐದು ನಿಮಿಷದ ಕೆಲಸವಲ್ಲವೇ’ ಎಂದಾಗ ಅವರ ಮುಖ ಬಾಡಿದ್ದನ್ನು ಕಂಡು ಮನಸ್ಸಿಗೆ ಕಸಿವಿಸಿಯಾಯಿತು. ಅವರ ಕೆಲಸ ನಿಜವಾಗಿ ಏನೆಂಬುದೇ ನನಗೆ ತಿಳಿದಿಲ್ಲ. ಸಹೋದ್ಯೋಗಿಯಾಗಿ ಮಾತ್ರವಲ್ಲದೆ, ಸಾಧ್ಯವಾದರೆ ಸ್ನೇಹಿತರಾಗಿಯೂ ಅವರನ್ನು ಅರಿಯಬೇಕೆಂಬ ಆಸೆಯಿದೆ. ಈ ವೃತ್ತಿಯಲ್ಲಿರುವವರು ಮತ್ತು ಅಂಥವರ ಒಡನಾಟವಿರುವವರು ದಯವಿಟ್ಟು ಅನುಭವ ಹಂಚಿಕೊಳ್ಳಿ.

ಹನ್ನೊಂದು ವರ್ಷಗಳಿಂದ ಅನಲಿಸ್ಟ್ ಆಗಿರುವವರು

‘ಐದು ನಿಮಿಷದ ಕೆಲಸ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ಕ್ವೆರಿ, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶ, ಬರೆಯಲು ಐದು ನಿಮಿಷ ಸಾಕಾಗಬಹುದು. ಅದರಿಂದ ಬಂದ ಸಂಖ್ಯೆಯನ್ನು ನಂಬಬಹುದೇ ಎಂದು ಪರೀಕ್ಷಿಸಲು ಅರ್ಧ ದಿನ ಹಿಡಿಯುತ್ತದೆ, ಮತ್ತು ನಮ್ಮ ಕೆಲಸದ ಬಹುಪಾಲು ಇರುವುದು ಆ ಅರ್ಧ ದಿನದಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಆರ್ಡರ್‌ಗಳ ಟೇಬಲ್ ಒಂದು, ಪಾವತಿಗಳ ಟೇಬಲ್ ಇನ್ನೊಂದು ಇದೆ ಎಂದುಕೊಳ್ಳಿ. ಒಬ್ಬ ಗ್ರಾಹಕರು 900ರ ಒಂದು ಆರ್ಡರಿಗೆ ಮುನ್ನೂರರಂತೆ ಮೂರು ಕಂತುಗಳಲ್ಲಿ ಹಣ ಕಟ್ಟಿದ್ದಾರೆ. ಎರಡೂ ಟೇಬಲ್‌ಗಳನ್ನು ಜಾಯಿನ್ ಮಾಡಿದೊಡನೆ, ಅಂದರೆ ಆರ್ಡರಿಗೆ ಅದರ ಪಾವತಿಗಳನ್ನು ಹೊಂದಿಸಿ ಜೋಡಿಸಿದೊಡನೆ, ಆ ಆರ್ಡರಿನ ಸಾಲು ಕಂತಿಗೊಮ್ಮೆಯಂತೆ ಮೂರು ಬಾರಿ ಮೂಡುತ್ತದೆ. ಆರ್ಡರ್ ಮೊತ್ತದ ಕಾಲಂ ಕೂಡಿದರೆ 900ರ ಬದಲು 2,700 ಬರುತ್ತದೆ. ಕಂಪ್ಯೂಟರ್ ಯಾವ ದೋಷವನ್ನೂ ತೋರಿಸುವುದಿಲ್ಲ, ಏಕೆಂದರೆ ಅದು ಹೇಳಿದ್ದನ್ನು ಹೇಳಿದಂತೆಯೇ ಮಾಡಿದೆ. ಇಂಥ ಆರ್ಡರ್‌ಗಳು ನೂರಕ್ಕೆ ಐದಾರು ಮಾತ್ರ ಇದ್ದರಂತೂ ಒಟ್ಟು ಮೊತ್ತ ಸ್ವಲ್ಪವೇ ಉಬ್ಬಿರುತ್ತದೆ, ನೋಡಿದವರೆಲ್ಲ ಈ ತಿಂಗಳ ವ್ಯಾಪಾರ ಚೆನ್ನಾಗಿದೆ ಎಂದು ಸಂತೋಷಪಡುತ್ತಾರೆ.

ವೃತ್ತಿಗೆ ಬಂದ ಎರಡನೆಯ ವರ್ಷ ನಾನು ಇದೇ ತಪ್ಪನ್ನು ಮಾಡಿದೆ. ವರದಿ ಮೇಲಧಿಕಾರಿಗಳ ಕೈ ಸೇರಿದ ಮೇಲೆ ರಾತ್ರಿ ಮಲಗಿದಾಗ ಅದು ಹೊಳೆಯಿತು. ಬೆಳಗಾಗುವವರೆಗೆ ಕಣ್ಣು ಮುಚ್ಚಲಾಗಲಿಲ್ಲ, ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಒಪ್ಪಿಕೊಂಡೆ. ಅಂದಿನಿಂದ ಜಾಯಿನ್‌ಗೆ ಮೊದಲು ಎಷ್ಟು ಸಾಲು, ನಂತರ ಎಷ್ಟು ಸಾಲು ಎಂದು ಎಣಿಸಿ ಕಾಗದದ ಮೇಲೆ ಬರೆದುಕೊಳ್ಳದೆ ಮುಂದುವರಿಯುವುದಿಲ್ಲ. ನನ್ನ ತಪ್ಪಿನಿಂದ ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ಆದರೆ 2020ರಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ಫೈಲಿನಲ್ಲಿ ಮಾಹಿತಿ ತುಂಬಿದ್ದರಿಂದ ಮಿಕ್ಕ ಸಾಲುಗಳು ಸದ್ದಿಲ್ಲದೆ ಉದುರಿಹೋದವೆಂದು ವರದಿಯಾಯಿತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಕೆಲವು ದಿನ ತಡವಾಯಿತು. ನಮ್ಮಲ್ಲಿ ಅನೇಕರು ಮಿತಭಾಷಿಗಳಾಗಿ ಕಾಣುವುದಕ್ಕೆ ಈ ಭಯವೂ ಒಂದು ಕಾರಣವೆಂದು ನನ್ನ ಅನಿಸಿಕೆ: ಖಚಿತವಾಗುವ ಮೊದಲೇ ಬಾಯಿಬಿಟ್ಟರೆ ಆ ಸಂಖ್ಯೆ ಸಭೆಯಿಂದ ಸಭೆಗೆ ಹಬ್ಬಿಬಿಡುತ್ತದೆ.

ಆದ್ದರಿಂದ ಅವರು ಮುಂದಿನ ಬಾರಿ ವರದಿ ಕೊಟ್ಟಾಗ ‘ಈ ಲೆಕ್ಕವನ್ನು ಹೇಗೆ ತಾಳೆ ನೋಡಿದಿರಿ’ ಎಂದು ಕೇಳಿ ನೋಡಿ. ಅನುಮಾನದ ದನಿಯಲ್ಲಿ ಬೇಡ, ತಿಳಿಯುವ ಆಸೆಯಿಂದ ಕೇಳಿ. ನನ್ನನ್ನು ಯಾರಾದರೂ ಹಾಗೆ ಕೇಳಿದರೆ ಪಕ್ಕಕ್ಕೊಂದು ಕುರ್ಚಿ ಎಳೆದು ಕೂರಿಸಿಕೊಂಡು ತೋರಿಸುತ್ತೇನೆ.

ಅನಲಿಸ್ಟರ ಪಕ್ಕದ ಮೇಜಿನಲ್ಲಿ ಆರು ವರ್ಷ ಕುಳಿತವರು

ಮೇಲಿನವರ ಮಾತು ನಿಜ. ಅದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ಆರಂಭದಲ್ಲಿ ನಾನೂ ‘ಸಕ್ರಿಯ ಗ್ರಾಹಕರು ಎಷ್ಟಿದ್ದಾರೆ, ಕಳುಹಿಸಿ’ ಎಂದು ಒಂದು ಸಾಲಿನ ಮೇಲ್ ಬರೆಯುತ್ತಿದ್ದೆ. ಅದಕ್ಕೆ ಅವರು ಪ್ರತಿ ಬಾರಿಯೂ ನಾಲ್ಕಾರು ಪ್ರಶ್ನೆಗಳನ್ನು ಹಿಂದಿರುಗಿಸುತ್ತಿದ್ದರು: ಸಕ್ರಿಯ ಎಂದರೆ ಲಾಗಿನ್ ಆದವರೋ, ಖರೀದಿಸಿದವರೋ? ಕಳೆದ ಮೂವತ್ತು ದಿನಗಳಲ್ಲೋ, ತೊಂಬತ್ತು ದಿನಗಳಲ್ಲೋ? ಖರೀದಿಸಿ ವಾಪಸು ಕಳುಹಿಸಿದವರನ್ನು ಸೇರಿಸಬೇಕೋ, ಬೇಡವೋ? ಕೆಲಸ ತಳ್ಳಿಹಾಕಲು ಹೀಗೆ ಕೇಳುತ್ತಾರೆಂದೇ ನಾನು ತಿಳಿದಿದ್ದೆ. ಒಂದು ದಿನ ಅವರು ಬೇಸರಿಸಿಕೊಳ್ಳದೆ, ಈ ಬಗೆಯ ಆರು ವ್ಯಾಖ್ಯೆಗಳಿಗೆ ಆರು ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು ನನ್ನ ಮುಂದಿಟ್ಟರು. ಅತಿ ಚಿಕ್ಕ ಸಂಖ್ಯೆಗಿಂತ ಅತಿ ದೊಡ್ಡದು ಮೂರು ಪಟ್ಟಿಗೂ ಮಿಗಿಲಾಗಿತ್ತು. ‘ಇವುಗಳಲ್ಲಿ ಯಾವುದೂ ತಪ್ಪಲ್ಲ. ಇದನ್ನು ಇಟ್ಟುಕೊಂಡು ನೀವು ಏನು ಮಾಡುತ್ತೀರೆಂದು ತಿಳಿದರೆ ಯಾವುದು ಬೇಕೆಂದು ನಾನೇ ಹೇಳುತ್ತೇನೆ’ ಎಂದರು.

ಆ ದಿನದಿಂದ ನಾನು ಸಂಖ್ಯೆ ಕೇಳುವುದನ್ನು ಬಿಟ್ಟು ನನ್ನ ಮುಂದಿರುವ ತೀರ್ಮಾನವನ್ನು ಹೇಳತೊಡಗಿದೆ. ‘ಬಹುಕಾಲದಿಂದ ಬಾರದ ಗ್ರಾಹಕರಿಗೆ ರಿಯಾಯಿತಿ ಕೊಡಬೇಕೆಂದಿದ್ದೇವೆ, ಯಾರಿಗೆ ಕೊಟ್ಟರೆ ಒಳ್ಳೆಯದು’ ಎಂದು ಹೋದರೆ ಅವರ ಕಣ್ಣಲ್ಲಿ ಬೇರೆಯೇ ಹೊಳಪು. ನಾನು ಊಹಿಸದ ಪ್ರಶ್ನೆಯನ್ನು ಎತ್ತುತ್ತಿದ್ದರು, ಕೆಲವೊಮ್ಮೆ ಇದಕ್ಕೆ ಡೇಟಾ ಬೇಕಾಗಿಯೇ ಇಲ್ಲ ಎಂದು ನೇರವಾಗಿ ಹೇಳಿಯೂ ಬಿಡುತ್ತಿದ್ದರು. ನಿಮ್ಮವರು ಮಿತಭಾಷಿ ಎಂದಿದ್ದೀರಿ. ಬಹುಶಃ ಮಾತನಾಡಲು ತಕ್ಕ ವಿಷಯವನ್ನು ಯಾರೂ ಅವರ ಮುಂದೆ ಇಟ್ಟಿಲ್ಲ.

ಇನ್ನೊಂದು ಮಾತು. ಅವರ ವರದಿಯನ್ನು ಆಧರಿಸಿ ಏನಾದರೂ ಮಾಡಿದ್ದರೆ, ಅದು ಏನಾಯಿತೆಂದು ಹೋಗಿ ತಿಳಿಸಿ. ಅಂಕಿ-ಅಂಶಗಳನ್ನು ಒಂದೇ ಪರದೆಯಲ್ಲಿ ತೋರಿಸಲೆಂದು ತಾವು ಮಾಡಿದ ಡ್ಯಾಶ್‌ಬೋರ್ಡನ್ನು ಯಾರೂ ತೆರೆದೇ ನೋಡುವುದಿಲ್ಲವೆಂಬ ನೋವು ಅವರಲ್ಲಿ ಎಷ್ಟು ಆಳವಾಗಿರುತ್ತದೆಂದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಒಂದು ತಂಡದ ಮುಖ್ಯಸ್ಥರು

ಫಲಿತಾಂಶ ನಿಮ್ಮ ನಿರೀಕ್ಷೆಗೆ ವಿರುದ್ಧವಾಗಿ ಬಂದ ದಿನ ನೀವು ಹೇಗೆ ನಡೆದುಕೊಳ್ಳುತ್ತೀರೋ ಅದರ ಮೇಲೆ ನಿಮ್ಮ ಸಂಬಂಧ ನಿಲ್ಲುತ್ತದೆ. ಸಭೆಯಲ್ಲಿ ಎಲ್ಲರೆದುರು ನಮ್ಮ ಅನಲಿಸ್ಟರಿಗೆ ‘ನಿಮ್ಮ ಡೇಟಾ ತಪ್ಪಿರಬೇಕು’ ಎಂದು ಒಮ್ಮೆ ನಾನು ಅಂದುಬಿಟ್ಟೆ. ತಪ್ಪಿರಲಿಲ್ಲ. ಕ್ಷಮೆ ಕೇಳಿದೆ, ಆದರೂ ಅವರು ಮತ್ತೆ ತಾವಾಗಿಯೇ ನನ್ನ ಬಳಿ ಬಂದು ‘ಇಲ್ಲೇನೋ ವಿಚಿತ್ರವಾಗಿದೆ, ನೋಡಿ’ ಎನ್ನಲು ಒಂದು ವರ್ಷವೇ ಬೇಕಾಯಿತು.

ಅನಲಿಸ್ಟರನ್ನು ಮದುವೆಯಾಗಿ ಒಂಬತ್ತು ವರ್ಷವಾದವರು

ಕಚೇರಿಯಾಚೆಗಿನ ವಿಷಯವನ್ನು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಿನವಿಡೀ ಪರದೆಯಲ್ಲಿ ಅದೇನು ನೋಡುತ್ತೀರಿ ಎಂದು ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರನ್ನು ಕೇಳಿದ್ದೆ. ಅವರು ಒಂದು ಹಳೆಯ ಲಕೋಟೆಯ ಹಿಂಬದಿಯಲ್ಲಿ ನಾಲ್ಕು ಚೌಕಗಳನ್ನು ಎಳೆದು ಚುಕ್ಕಿ ಇಡತೊಡಗಿದರು. ಮೊದಲನೆಯದರಲ್ಲಿ ಚುಕ್ಕಿಗಳು ಓರೆಯಾಗಿ ಮೇಲಕ್ಕೆ ಚದುರಿದ್ದವು. ಎರಡನೆಯದರಲ್ಲಿ ಬಿಲ್ಲಿನಂತೆ ಬಾಗಿದ್ದವು. ಮೂರನೆಯದರಲ್ಲಿ ಒಂದನ್ನು ಬಿಟ್ಟು ಎಲ್ಲವೂ ಒಂದೇ ಗೆರೆಯಲ್ಲಿದ್ದವು. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಕಂಬದಂತೆ ನಿಂತು ಒಂದು ಮಾತ್ರ ದೂರದ ಮೂಲೆಯಲ್ಲಿತ್ತು. ನಾಲ್ಕರಲ್ಲೂ ಹನ್ನೊಂದು ಚುಕ್ಕಿಗಳು, ನಾಲ್ಕರಲ್ಲೂ ಅಡ್ಡ ಅಕ್ಷದ ಸರಾಸರಿ 9, ಲಂಬ ಅಕ್ಷದ ಸರಾಸರಿ 7.5, ಎರಡು ಅಕ್ಷಗಳ ಬೆಲೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆಂದು ಹೇಳುವ ಸಹಸಂಬಂಧವೂ 0.816ರ ಆಸುಪಾಸು. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಮ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಪ್ರಕಟಿಸಿದರಂತೆ. ‘ಲೆಕ್ಕ ಮಾತ್ರ ನೋಡಿದರೆ ನಾಲ್ಕೂ ಒಂದೇ, ಚಿತ್ರ ಬರೆದರೆ ಒಂದರಂತೆ ಒಂದಿಲ್ಲ, ಆ ವ್ಯತ್ಯಾಸ ಹುಡುಕುವುದೇ ನನ್ನ ಕೆಲಸ’ ಎಂದರು. ಆ ಲಕೋಟೆ ಇಂದಿಗೂ ನನ್ನ ಬೀರುವಿನಲ್ಲಿದೆ.

ಆದರೆ ಇದನ್ನು ಓದಿ, ಅವರಿಗೆ ಕೆಲಸದಾಚೆಗೂ ಅಂಕಿಗಳೇ ಪ್ರಿಯವೆಂದು ಭಾವಿಸಬೇಡಿ. ನೆಂಟರಿಷ್ಟರು ಸಿಕ್ಕಾಗಲೆಲ್ಲ ಯಾವ ಫೋನ್ ಕೊಳ್ಳಬೇಕು, ಯಾವ ಷೇರು ಏರುತ್ತದೆ ಎಂದು ಕೇಳುತ್ತಾರೆ. ಅವರು ನಕ್ಕು ಸುಮ್ಮನಾಗುತ್ತಾರೆ. ಸಂಜೆಯಾದರೆ ಅವರಿಗೆ ಪರದೆ ಬೇಡ, ಕೆಟ್ಟುನಿಂತ ಹಳೆಯ ಗೋಡೆ ಗಡಿಯಾರಗಳು ಬೇಕು. ಅವರ ಕಚೇರಿಯಲ್ಲಿ ಎಷ್ಟೋ ಜನರಿದ್ದರೂ ಮನೆಗೆ ಬಂದುಹೋಗುವ ಸ್ನೇಹಿತರಾಗಿದ್ದು ಒಬ್ಬರೇ. ಒಂದು ಸೋಮವಾರ ಇವರ ಉಗುರಿನ ಸಂದಿಯಲ್ಲಿದ್ದ ಕಪ್ಪು ಎಣ್ಣೆಯ ಕಲೆ ನೋಡಿ ‘ಇದೇನು ಸರ್’ ಎಂದು ಕೇಳಿದವರು ಅವರು.

ಆಸ್ಪತ್ರೆಯೊಂದರ ಡೇಟಾ ವಿಭಾಗದಲ್ಲಿರುವವರು

ಸ್ನೇಹವಾದ ಮೇಲಿನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮ ಕೈಯಲ್ಲಿ ಸಾವಿರಾರು ಜನರ ಖಾಸಗಿ ಮಾಹಿತಿ ಇರುತ್ತದೆ. ಸಂಬಳ, ವಿಳಾಸ, ಕಾಯಿಲೆ. ನನಗೆ ಬಹಳ ಹತ್ತಿರವಾಗಿದ್ದ ಸಹೋದ್ಯೋಗಿಯೊಬ್ಬರು ಒಮ್ಮೆ ತಮ್ಮ ಸಂಬಂಧಿಕರೊಬ್ಬರ ಹೆಸರು ಹೇಳಿ, ‘ಅವರು ಯಾಕೆ ಬಂದಿದ್ದರೆಂದು ಸುಮ್ಮನೆ ನೋಡಿ ಹೇಳಿ, ನಮ್ಮಿಬ್ಬರಲ್ಲೇ ಇರುತ್ತದೆ’ ಎಂದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಕಾಳಜಿಯಿಂದಲೇ ಕೇಳಿದ್ದರು. ಆಗುವುದಿಲ್ಲ ಎಂದೆ. ಯಾರು ಯಾವ ದಾಖಲೆಯನ್ನು ತೆರೆದರೆಂಬುದು ನಮ್ಮಲ್ಲಿ ದಾಖಲಾಗುತ್ತದೆ ಎಂದು ವಿವರಿಸಿದೆನಾದರೂ, ದಾಖಲಾಗದಿದ್ದರೂ ನಾನು ನೋಡುತ್ತಿರಲಿಲ್ಲ. ಅವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಬಂದು ‘ನನ್ನ ದಾಖಲೆಯೂ ಅಲ್ಲೇ ಇದೆ ಎಂಬುದು ಆಮೇಲೆ ನೆನಪಾಯಿತು’ ಎಂದರು. ಈಗಲೂ ನಾವು ಮಧ್ಯಾಹ್ನ ಒಟ್ಟಿಗೇ ಊಟಕ್ಕೆ ಕೂರುತ್ತೇವೆ.