150 ಅಡಿಯಲ್ಲಿ ವಿಮಾನ ದಿಢೀರನೆ ಎಡಕ್ಕೆ ವಾಲಿತು. ಅಂತರ ಸರಿಯಿದ್ದರೂ ಹೀಗಾಗುತ್ತಾ?

ಬಲಸೀಟು: ಸಹ ಪೈಲಟ್ ಆಗಿ ಎ320 ಹಾರಿಸಲು ಶುರು ಮಾಡಿ ಎಂಟು ತಿಂಗಳಾಯಿತು. ಮೊನ್ನೆ ಸಂಜೆ ಇಳಿಯುವಾಗ ನಮ್ಮ ಮುಂದೆ ಒಂದು ದೊಡ್ಡ ವಿಮಾನ, ಬೋಯಿಂಗ್ 777 ಇತ್ತು. ನಡುವೆ ಐದು ಮೈಲಿಗಿಂತ ಸ್ವಲ್ಪ ಜಾಸ್ತಿಯೇ ಅಂತರ. ಆಕಾಶ ತಿಳಿಯಾಗಿತ್ತು, ಗಾಳಿ ಬರೀ 4 ನಾಟ್. 800 ಅಡಿಯಲ್ಲಿ ಆಟೋಪೈಲಟ್ ತೆಗೆದೆ. 150 ಅಡಿ ಹತ್ತಿರ ಸಣ್ಣಗೆ ನಡುಗಿದ ಹಾಗಾಯಿತು. ಮರುಕ್ಷಣ ಎಡ ರೆಕ್ಕೆ ದಡಕ್ಕನೆ ಕೆಳಗೆ ಹೋಯಿತು. ಸ್ಟಿಕ್ ಪೂರ್ತಿ ಬಲಕ್ಕೆ ತಳ್ಳಿದರೂ ಒಂದೆರಡು ಸೆಕೆಂಡ್ ವಿಮಾನ ಮಾತೇ ಕೇಳಲಿಲ್ಲ. ಬಲಗಾಲು ತಾನಾಗೇ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಲು ಹೋಯಿತು. ಅಷ್ಟರಲ್ಲಿ ಕ್ಯಾಪ್ಟನ್ "ಗೋ ಅರೌಂಡ್" ಅಂದರು, ಇಳಿಯುವುದು ಬಿಟ್ಟು ಮತ್ತೆ ಮೇಲೆದ್ದೆವು. ಎರಡನೇ ಸಲ ಏನೂ ಆಗಲಿಲ್ಲ. ಗ್ಲೈಡ್‌ಸ್ಲೋಪ್ (ಇಳಿಯುವ ಸರಿಯಾದ ಇಳಿಜಾರು ದಾರಿ) ಮೇಲೇ ಇದ್ದೆ. ಆದರೂ ಮುಂದಿನ ವಿಮಾನದ ಸುಳಿಗೆ ಯಾಕೆ ಸಿಕ್ಕಿಕೊಂಡೆ?

ಎಡಸೀಟು: ಗಾಳಿ ಯಾವ ಕಡೆಯಿಂದ ಇತ್ತು?

ಬಲಸೀಟು: ಬಲಗಡೆಯಿಂದ ಸರ್. ತುಸು ಹಿಂದಿನಿಂದ ಕೂಡ.

ಎಡಸೀಟು: ಹಾಗಾದರೆ ನಿಮಗೆ ಸಿಕ್ಕಿದ್ದು 777ರ ಬಲ ರೆಕ್ಕೆಯ ಸುಳಿ, ಅಂದರೆ ರೆಕ್ಕೆಯ ತುದಿಯಿಂದ ಹಿಂದೆ ಉಳಿಯುವ ಸುತ್ತುಗಾಳಿ. ಹಿಂದಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಅದರ ನಡುವೆ ಹೊಕ್ಕರೆ ಎಡ ರೆಕ್ಕೆಯೇ ಕೆಳಗೆ ಹೋಗುವುದು. ನೀವು ಹೇಳಿದ್ದಕ್ಕೆ ತಾಳೆಯಾಗುತ್ತದೆ.

ಎತ್ತರದಲ್ಲಿ ಸುಳಿ ನಿಮಿಷಕ್ಕೆ 300ರಿಂದ 500 ಅಡಿ ಇಳಿಯುತ್ತದೆ. ಐದು ಮೈಲಿ ಅಂದರೆ ನಿಮ್ಮ ವೇಗಕ್ಕೆ ಸುಮಾರು ಎರಡು ನಿಮಿಷ. ಅಷ್ಟರಲ್ಲಿ ಅದು ನಿಮ್ಮ ದಾರಿಯಿಂದ ಎಷ್ಟೋ ಕೆಳಗಿರುತ್ತದೆ. ನೆಲದ ಹತ್ತಿರ ಹಾಗಲ್ಲ. ಇಳಿಯಲು ಜಾಗವಿಲ್ಲದೆ ಎರಡೂ ಸುಳಿ 2-3 ನಾಟ್ ವೇಗದಲ್ಲಿ ಆಚೀಚೆ ಸರಿಯುತ್ತವೆ, ಕೆಲವೊಮ್ಮೆ ಮತ್ತೆ ಮೇಲೇಳುತ್ತವೆ. ಬಲದ ಸುಳಿ ಬಲಕ್ಕೆ ಹೊರಟಿತ್ತು. ನಿಮ್ಮ ಪಕ್ಕಗಾಳಿ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಅದನ್ನು ವಾಪಸ್ ತಳ್ಳಿತು. ಸುಳಿ ಅಲ್ಲೇ ನಿಂತುಬಿಟ್ಟಿತು. ಜೋರು ಗಾಳಿಯಾಗಿದ್ದರೆ ಹೊತ್ತುಕೊಂಡು ಹೋಗುತ್ತಿತ್ತು. ಹಿಂಗಾಳಿ ಬೇರೆ ಅದನ್ನು ನೀವು ನೆಲ ಮುಟ್ಟುವ ಕಡೆಗೇ ತರುತ್ತದೆ. ತಿಳಿ ಸಂಜೆ, ನಿಂತ ಗಾಳಿ, ಮುಂದೆ ಭಾರದ ವಿಮಾನ. ನನಗೆ ಜೋರು ಗಾಳಿಗಿಂತ ಇದರ ಭಯವೇ ಜಾಸ್ತಿ.

ಇನ್ನು ಕಾಲಿನ ವಿಷಯ. ದಯವಿಟ್ಟು ಇದೊಂದನ್ನು ಬಿಟ್ಟುಬಿಡಿ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಿಂದ ಎದ್ದ ಅಮೆರಿಕನ್ ಏರ್‌ಲೈನ್ಸ್ 587, ಮುಂದೆ ಹೋದ 747ರ ಸುಳಿಗೆ ಸಿಕ್ಕಿತು. ಆ ಎ300 ಬಿದ್ದದ್ದು ಸುಳಿಯ ಹೊಡೆತಕ್ಕಲ್ಲ. ರಡ್ಡರನ್ನು ಎಡಕ್ಕೂ ಬಲಕ್ಕೂ ಪದೇ ಪದೇ ಪೂರ್ತಿ ಒತ್ತಿದ್ದಕ್ಕೆ ಬಾಲದ ಮೇಲಿನ ನೇರ ರೆಕ್ಕೆಯೇ ಕಿತ್ತುಹೋಯಿತು. ಒಳಗಿದ್ದ 260 ಜನ, ನೆಲದ ಮೇಲಿದ್ದ 5 ಜನ ಸತ್ತರು. ವಾಲಿದರೆ ಸ್ಟಿಕ್‌ನಿಂದಲೇ ರೆಕ್ಕೆ ಸಮ ಮಾಡಿ. ಅಷ್ಟು ಕೆಳಗೆ ಗೋ ಅರೌಂಡ್ ಬಿಟ್ಟು ಬೇರೆ ಯೋಚನೆ ಬೇಡ. ನಿಮ್ಮ ಕ್ಯಾಪ್ಟನ್ ಸರಿಯಾಗೇ ಮಾಡಿದ್ದಾರೆ.

ಟವರ್‌ಕಿಟಕಿ: ನಮ್ಮ ಕಂಟ್ರೋಲ್ ಟವರ್ ಕಡೆಯಿಂದ ಒಂದು ಮಾತು. ಹೆವಿ (777ರಂಥ ಭಾರದ ವಿಮಾನ) ಹಿಂದೆ ಮೀಡಿಯಂಗೆ (ನಿಮ್ಮ ಎ320ರಂಥದ್ದಕ್ಕೆ) ಐದು ಮೈಲಿ, ಅದಕ್ಕೂ ದೊಡ್ಡ ಎ380 ಹಿಂದೆ ಏಳು. ಇದು ಕನಿಷ್ಠ ಅಂತರ ಅಷ್ಟೇ. ಸುಳಿ ಸಿಗುವುದೇ ಇಲ್ಲ ಅನ್ನುವ ಗ್ಯಾರಂಟಿ ಅಲ್ಲ. ಗಾಳಿ ಇಲ್ಲದ ದಿನ ಇನ್ನೆರಡು ಮೈಲಿ ಬೇಕು ಅನಿಸಿದರೆ ಬೇಗ ಕೇಳಿ, ಹತ್ತು ಮೈಲಿ ಆಚೆಯೇ ಕೇಳಿ. ಕೊನೇ ನಾಲ್ಕು ಮೈಲಿಯಲ್ಲಿ ಕೇಳಿದರೆ ನಮ್ಮ ಕೈಲಿ ಏನೂ ಉಳಿದಿರುವುದಿಲ್ಲ. ಆಗಿದ್ದನ್ನು ವರದಿ ಮಾಡಿದ್ರಾ?

ಬಲಸೀಟು: ಇವತ್ತು ಬರೆದು ಕಳಿಸಿದೆ, ಗಾಳಿಯ ದಿಕ್ಕೂ ಸೇರಿಸಿ. 777 ಎಲ್ಲಿ ನೆಲ ಮುಟ್ಟಿತು ಅಂತ ಒಂದು ಕಾಲಂ ಇತ್ತು. ನಾನು ನೋಡಿರಲಿಲ್ಲ, ಖಾಲಿ ಬಿಟ್ಟೆ.