ಕೃತಕ ಕಾಲಿನ ಸಾಕೆಟ್ (ಕಾಲು ತೂರಿಸೋ ಮೇಲಿನ ಭಾಗ) ಉಜ್ಜಿ ಗಾಯ ಆಗಿದೆ, "ಅಭ್ಯಾಸ ಆಗುತ್ತೆ ತಡ್ಕೊಳ್ಳಿ" ಅಂತಾರೆ, ಏನ್ ಮಾಡ್ಲಿ?

ಬಸವನಗುಡಿ_ಟೀಚರ್:
ಎಲ್ರಿಗೂ ನಮಸ್ಕಾರ. ಹೋದ ವರ್ಷ ಹೊಸೂರು ರೋಡಲ್ಲಿ ಆಕ್ಸಿಡೆಂಟ್ ಆಗಿ ಬಲಗಾಲು ಮಂಡಿ ಕೆಳಗೆ ತೆಗೆದ್ರು. ಕೃತಕ ಕಾಲು ಹಾಕಿ ಐದು ತಿಂಗಳಾಯ್ತು. ಮೊದಮೊದಲು ಚೆನ್ನಾಗೇ ಇತ್ತು, ಈಗ ಒಂದೂವರೆ ತಿಂಗಳಿಂದ ಮಧ್ಯಾಹ್ನ ಆಗ್ತಿದ್ದಂಗೆ ಲೂಸ್ ಆಗಿ ಕಾಲು ಸಾಕೆಟ್ ಒಳಗೆ ಇಳಿದಂಗಾಗುತ್ತೆ, ಮಂಡಿ ಹೊರಬದಿಗೆ ಸ್ವಲ್ಪ ಕೆಳಗೆ ಮೂಳೆ ಉಬ್ಬಿರುತ್ತಲ್ಲ, ಅಲ್ಲಿ ಉಜ್ಜಿ ಉಜ್ಜಿ ಚರ್ಮ ಕಿತ್ತೋಗಿದೆ. ದಿನಾ ಐದು ಪೀರಿಯಡ್ ನಿಂತು ಪಾಠ ಮಾಡ್ಬೇಕು, ನಾಲ್ಕನೇದಕ್ಕೆ ಒಂದು ಕೈಲಿ ಬೋರ್ಡ್ ಹಿಡ್ಕೊಂಡೇ ಬರೀತೀನಿ. ಕಾಲು ಮಾಡ್ಕೊಟ್ಟ ಕಡೆ ಎರಡು ಸಲ ಹೋದೆ, "ಅಭ್ಯಾಸ ಆಗುತ್ತೆ ಮೇಡಂ" ಅಷ್ಟೇ. ಡಾಕ್ಟರ್ ನನ್ನ ಮುಖಾನೇ ನೋಡಲ್ಲ, "ಇವ್ರು ಎಷ್ಟು ನಡೀತಾರೆ" ಅಂತ ನಮ್ಮ ಯಜಮಾನ್ರನ್ನ ಕೇಳ್ತಾರೆ. ಆಪರೇಷನ್ ಪೇಪರ್ಸ್ ಕೇಳಿದ್ರೆ ನಾಳೆ ಬನ್ನಿ ಅಂತ ಮೂರು ಸಲ ವಾಪಸ್ ಕಳ್ಸಿದ್ರು. ಜೋರು ಮಾಡಿ ಅಭ್ಯಾಸ ಇಲ್ಲ ನಂಗೆ. ಹೇಗೆ ಮಾತಾಡ್ಬೇಕು ಹೇಳಿ.

ಕೆಂಗೇರಿ_ಹೆಜ್ಜೆ:
ಮೇಡಂ, ಮೊದ್ಲು ಆ ಗಾಯ ಒಣಗೋ ತನಕ ಕಾಲು ಹಾಕ್ಬೇಡಿ, ಕ್ರಚಸ್ ಹಿಡ್ಕೊಂಡು ಓಡಾಡಿ, ಗಾಯ ಡಾಕ್ಟರ್‌ಗೆ ತೋರ್ಸಿ, ಶುಗರ್ ಇದ್ರೆ ಇವತ್ತೇ ಹೋಗಿ. ಒಂಬತ್ತು ವರ್ಷದಿಂದ ಹಾಕ್ತಿದೀನಿ, ಇದು ಖಂಡಿತ ಅಭ್ಯಾಸ ಆಗೋ ವಿಷ್ಯ ಅಲ್ಲ. ಮೊದಲನೇ ವರ್ಷ ಸ್ಟಂಪ್, ಅಂದ್ರೆ ಆಪರೇಷನ್ ಆದ್ಮೇಲೆ ಉಳಿದಿರೋ ಕಾಲಿನ ಭಾಗ, ಸಣ್ಣ ಆಗ್ತಾನೇ ಇರುತ್ತೆ, ಊತ ಇಳಿಯುತ್ತೆ, ಮಾಂಸಖಂಡ ಕರಗುತ್ತೆ, ಸಾಕೆಟ್ ಮಾತ್ರ ಐದು ತಿಂಗಳ ಹಿಂದಿನ ಅಳತೇದು. ಕಾಲು ಒಳಗೆ ಜಾರಿದಾಗ ಮಂಡಿ ಚಿಪ್ಪಿನ ಕೆಳಗೆ ಬೀಳ್ಬೇಕಾದ ಭಾರ ಆ ಪಕ್ಕದ ಮೂಳೆಗೆ ತಗಲುತ್ತೆ. ನಾನು ಬ್ಯಾಗಲ್ಲಿ ಯಾವಾಗ್ಲೂ ಎಕ್ಸ್‌ಟ್ರಾ ಸ್ಟಂಪ್ ಸಾಕ್ಸ್ ಇಟ್ಕೊಂಡಿರ್ತೀನಿ, ಬೆಳಗ್ಗೆ ಒಂದು, ಸಂಜೆಗೆ ಎರಡು. ಸಾಕ್ಸ್ ಮೇಲೆ ಸಾಕ್ಸ್ ಹಾಕಿದ್ರೂ ನಿಲ್ತಿಲ್ಲ ಅಂದ್ರೆ ಸಾಕೆಟ್ಟೇ ಬದಲಾಗ್ಬೇಕು. ಗಾಯ ವಾಸಿಯಾದ್ಮೇಲೆ ಕಾಲು ಮಾಡ್ಕೊಟ್ಟೋರ ಮುಂದೇನೇ, ನೋಯೋ ಜಾಗದಲ್ಲಿ ಸಾಕ್ಸ್ ಮೇಲೆ ಲಿಪ್‌ಸ್ಟಿಕ್ ಹಚ್ಚಿ ಕಾಲು ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ತೆಗೀರಿ. ಸಾಕೆಟ್ ಒಳಗೆ ಎಲ್ಲಿ ಒತ್ತುತ್ತೋ ಅಲ್ಲಿ ಕೆಂಪಗೆ ಅಂಟಿರುತ್ತೆ, ಆಮೇಲೆ ಯಾರೂ ಅಭ್ಯಾಸ ಅನ್ನೋಕಾಗಲ್ಲ.

ಜಯನಗರ_ಫಿಸಿಯೋ:
ಮೇಲೆ ಹೇಳಿದ್ದು ಸರಿ. ಗಾಯ ವಾಸಿಯಾಗಿ ಮತ್ತೆ ಹಾಕೋಕೆ ಶುರು ಮಾಡಿದ್ಮೇಲೆ ದಿನಾ ಕಾಲು ತೆಗೆದ ತಕ್ಷಣ ಒಂದು ಫೋಟೋ, ಹತ್ತು ನಿಮಿಷ ಬಿಟ್ಟು ಇನ್ನೊಂದು. ಅಷ್ಟೊತ್ತಿಗೂ ಕೆಂಪು ಹೋಗಿಲ್ಲ ಅಂದ್ರೆ ಒತ್ತಡ ಜಾಸ್ತಿ ಅಂತ. "ತುಂಬಾ ನೋವು ಸರ್" ಅನ್ನೋದಕ್ಕಿಂತ "ಮೂರು ಗಂಟೆ ನಿಂತ್ರೆ ಇಲ್ಲಿ ಹೀಗಾಗುತ್ತೆ, ನೋಡಿ" ಅಂದ್ರೆ ಕೇಳ್ತಾರೆ, ನಾನೇ ನೋಡಿದೀನಿ. ಪೇಪರ್ಸ್ ಬಾಯಲ್ಲಿ ಕೇಳ್ಬೇಡಿ, ಅರ್ಜಿ ಬರೆದು ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. 2002ರ ಮೆಡಿಕಲ್ ಕೌನ್ಸಿಲ್ ನಿಯಮದ ಪ್ರಕಾರ ಕೇಳಿದ 72 ಗಂಟೆ ಒಳಗೆ ಕೊಡ್ಬೇಕು, ಅದನ್ನ ಅರ್ಜಿಯಲ್ಲೇ ಬರೀರಿ. ಕಾಲು ಮಾಡ್ಕೊಟ್ಟೋರಿಗೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಷನ್ ಇದ್ಯಾ ಅಂತಾನೂ ಕೇಳಿ, ಕೇಳೋದು ತಪ್ಪಲ್ಲ. ಬೇರೆ ಕಡೆ ತೋರಿಸ್ಬೇಕಂದ್ರೆ ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ ಅಂತ ಕೃತಕ ಕಾಲು ಮಾಡ್ಕೊಡೋ ಸಂಸ್ಥೆ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಲ್ಲ ಅಂದ್ರೆ ಮಾಡ್ಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯ ಶೇ. 40 ಮತ್ತೆ ಮೇಲಿದ್ದೋರಿಗೆ ಸೌಲಭ್ಯ ಇದೆ, ಸ್ಕೂಲಲ್ಲಿ ಕೂತು ಪಾಠ ಮಾಡೋಕೆ ಎತ್ತರದ ಸ್ಟೂಲ್ ಕೇಳೋಕೂ ಅದು ಕೈಲಿರ್ಲಿ.

ಮಲ್ಲೇಶ್ವರದ_ಅಮ್ಮ:
ಯಜಮಾನ್ರನ್ನ ಕೇಳ್ತಾರೆ ಅಂದ್ಯಲ್ಲಮ್ಮ, ನಂಗೂ ಹಂಗೇ ಆಗ್ತಿತ್ತು, ಎಲ್ಲಾ ನನ್ ಮಗನ ಹತ್ರಾನೇ. ಒಂದಿನ "ನೀನು ಐದ್ನಿಮಿಷ ಹೊರಗಡೆ ಕೂತ್ಕೋ ಕಂದ" ಅಂದೆ. ಒಬ್ಳೇ ಇದ್ದಾಗ ಡಾಕ್ಟರ್ ನನ್ನನ್ನೇ ಕೇಳ್ಬೇಕಾಯ್ತಲ್ಲ. ಆವತ್ತೇ ಹೇಳ್ದೆ, ರಾತ್ರಿ ಹೊತ್ತು ಇಲ್ಲದೇ ಇರೋ ಹೆಬ್ಬೆರಳು ಸುಡುತ್ತೆ ಅಂತ. ಹುಚ್ಚಿ ಅಂದ್ಕೋತಾರೆ ಅಂತ ಏಳು ತಿಂಗಳು ಬಾಯ್ ಬಿಟ್ಟಿರ್ಲಿಲ್ಲ, ಅವ್ರು "ಇದು ತುಂಬಾ ಜನಕ್ಕೆ ಆಗುತ್ತೆ" ಅಂದು ಮಾತ್ರೆ ಬರೆದು, ಕನ್ನಡಿ ಇಟ್ಕೊಂಡು ಮಾಡೋ ವ್ಯಾಯಾಮಾನೂ ಹೇಳ್ಕೊಟ್ರು. ಒಳ್ಳೇ ಕಾಲನ್ನ ಕನ್ನಡಿ ಮುಂದಿಟ್ಟು ಬೆರಳು ಆಡಿಸಿದ್ರೆ ಎರಡೂ ಇದೆ ಅನ್ಸುತ್ತೆ, ನಂಗೆ ಉರಿ ಎಷ್ಟೋ ಕಮ್ಮಿ ಆಯ್ತು. ನಿಂಗೂ ಅಂಥದ್ದಿದ್ರೆ ಮುಚ್ಚಿಡ್ಬೇಡ.

ಬಸವನಗುಡಿ_ಟೀಚರ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಕ್ರಚಸ್‌ನಲ್ಲೇ ಸ್ಕೂಲ್‌ಗೆ ಹೋದೆ, ಗಾಯ ಒಣಗಿದೆ. ಪೇಪರ್ಸ್ ಅರ್ಜಿ ಕೊಟ್ಟ ಎರಡನೇ ದಿನಾನೇ ಸಿಕ್ತು. ನಿನ್ನೆ ಯಜಮಾನ್ರು ಹೊರಗೆ ಕೂತಿದ್ರು, ನಾನು ಒಬ್ಳೇ ಒಳಗೆ ಹೋದೆ, ಕೈ ನಡುಗ್ತಿತ್ತು ನಿಜ. ಲಿಪ್‌ಸ್ಟಿಕ್ ಕರೆಕ್ಟಾಗಿ ಆ ಮೂಳೆ ಜಾಗದಲ್ಲೇ ಅಂಟಿತ್ತು. ಕಾಲು ಮಾಡ್ಕೊಟ್ಟೋರು ಟಾರ್ಚ್ ಬಿಟ್ಟು ಸಾಕೆಟ್ ಒಳಗೆ ಸುಮಾರು ಹೊತ್ತು ನೋಡಿ, ಹೊಸ ಅಳತೆ ತಗೋಳ್ಳೋಣ ಮೇಡಂ ಅಂದ್ರು. ಗುರುವಾರ ಬರೋಕ್ಕೆ ಹೇಳಿದಾರೆ. ಅಮ್ಮ, ನಂಗೂ ರಾತ್ರಿ ಹಿಮ್ಮಡಿ ಉರಿಯುತ್ತೆ, ಇಲ್ಲೇ ಮೊದಲ್ನೇ ಸಲ ಹೇಳ್ತಿರೋದು, ಗುರುವಾರ ಅಲ್ಲೂ ಹೇಳ್ತೀನಿ.